ತವರಿನ ಹೆರಿಗೆ, ಬಾಲ್ಯದ ಗಾಯ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ, ಉತ್ತರ ಕರ್ನಾಟಕದ ಬಹುಭಾಗದಲ್ಲಿರುವಂತೆಯೇ, ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಜಾತಿ-ಮತಗಳ ಭೇದವಿಲ್ಲದೆ ನಡೆದುಬಂದ ಪದ್ಧತಿ. ಕುಬುಸ ಮಾಡಿ, ಹಸಿರು ಬಳೆ ಇಡಿಸಿ, ಬಸುರಿ ಮಗಳನ್ನು ತವರಿನವರು ಕರೆದೊಯ್ಯುತ್ತಾರೆ. ಹೆರಿಗೆಯ ನಂತರದ ಕೆಲವು ತಿಂಗಳ ಬಾಣಂತನವೂ ಅಲ್ಲಿಯೇ ನಡೆಯುತ್ತದೆ. ಅತ್ತೆಮನೆಯ ಹೊಲ-ಮನೆಗಳ ದುಡಿಮೆಯಿಂದ ದಣಿದ ಎಳೆಯ ಹೆಂಗಸಿಗೆ ತಾಯಿಯ ಕೈಯ ಊಟ, ಎಣ್ಣೆ-ನೀರು ಮತ್ತು ವಿಶ್ರಾಂತಿ ದೊರೆಯಲೆಂದು ಹಿರಿಯರು ಕಟ್ಟಿಕೊಟ್ಟ ಈ ಏರ್ಪಾಟಿನಲ್ಲಿ ದೊಡ್ಡ ಅಂತಃಕರಣವಿದೆ. ಆದರೆ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳಿಗೆ, ಆ ದೌರ್ಜನ್ಯ ತವರಿನ ಮನೆಯಲ್ಲಿಯೇ ಅಥವಾ ಅದಕ್ಕೆ ಹೊಂದಿಕೊಂಡ ನೆಂಟರ ಮನೆಯಲ್ಲಿ ನಡೆದಿದ್ದರೆ, ಇದೇ ಪದ್ಧತಿ ಅವಳನ್ನು ಅವಳ ಬದುಕಿನ ಅತ್ಯಂತ ನಿತ್ರಾಣದ ದಿನಗಳಲ್ಲಿ ಅದೇ ಸೂರಿನಡಿಗೆ ಮರಳಿಸುತ್ತದೆ. ತವರಿಗೆ ಹೋಗಲೊಲ್ಲೆ ಎಂದು ಹೇಳಲು ಅವಳಲ್ಲಿ ಹೇಳಬಹುದಾದ ಕಾರಣವೂ ಇರುವುದಿಲ್ಲ.

ಹದಿನೆಂಟು ವರ್ಷ ತುಂಬದ ಮಗುವನ್ನು ದೊಡ್ಡವರು, ಅಥವಾ ಅದರ ಮೇಲೆ ಯಾವುದೇ ಬಗೆಯ ಹಿಡಿತವಿರುವವರು, ತಮ್ಮ ಲೈಂಗಿಕ ಬಯಕೆಗೆ ಬಳಸಿಕೊಳ್ಳುವುದೇ ಬಾಲ್ಯದ ಲೈಂಗಿಕ ದೌರ್ಜನ್ಯ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ, ಪೋಕ್ಸೊ ಎಂದೇ ಪರಿಚಿತವಾಗಿರುವ ಮಕ್ಕಳ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆಯು ಅತ್ಯಾಚಾರವನ್ನಷ್ಟೇ ಅಲ್ಲದೆ, ಕೆಟ್ಟ ಉದ್ದೇಶದಿಂದ ಮೈ ಮುಟ್ಟುವುದನ್ನೂ ಮುಟ್ಟಿಸಿಕೊಳ್ಳುವುದನ್ನೂ ಅಶ್ಲೀಲ ದೃಶ್ಯ ತೋರಿಸುವುದನ್ನೂ ಅಪರಾಧವೆಂದು ಪರಿಗಣಿಸಿದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಹದಿಮೂರು ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದಾಗ, ಶೇಕಡಾ 53ಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಎದುರಿಸಿದ್ದಾಗಿ ತಿಳಿಸಿದರು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಮಗು ನಂಬಿದವರಾಗಿದ್ದರು, ಮತ್ತು ಬಹುಪಾಲು ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ನೆರೆಯ ಮಹಾರಾಷ್ಟ್ರ, ಗೋವಾ ಮತ್ತು ಆಂಧ್ರಪ್ರದೇಶಗಳು ಆ ಹದಿಮೂರರಲ್ಲಿದ್ದವು, ಕರ್ನಾಟಕ ಇರಲಿಲ್ಲ. ಆದರೆ ಭೀಮಾ ನದಿಯ ಆಚೆ ದಂಡೆಯ ಮಕ್ಕಳಿಗೆ ಆಗುವುದು ಈಚೆ ದಂಡೆಯ ಇಂಡಿ-ಸಿಂದಗಿಯ ಮಕ್ಕಳಿಗೆ ಆಗುವುದಿಲ್ಲವೆಂದು ನಂಬಲು ಯಾವ ಆಧಾರವೂ ಇಲ್ಲ.

ಈ ಸೀಮೆಯ ಬದುಕಿನ ಕೆಲವು ಸಂಗತಿಗಳು ಮಕ್ಕಳ ಸುತ್ತಲಿನ ಕಾವಲನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ಮಳೆ ಕೈಕೊಟ್ಟಾಗ ತಾಂಡಾಗಳಿಂದಲೂ ಹಳ್ಳಿಗಳಿಂದಲೂ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾ, ಪುಣೆ, ಬೆಂಗಳೂರುಗಳಿಗೆ ಗುಳೆ ಹೋಗುತ್ತವೆ. ಮಕ್ಕಳು ಅಜ್ಜ-ಅಜ್ಜಿಯರ ಬಳಿಯಲ್ಲೋ ನೆಂಟರ ಮನೆಯಲ್ಲೋ ಉಳಿಯುತ್ತಾರೆ, ಇಲ್ಲವೆ ಬಾಗಿಲಿಲ್ಲದ ಗುಡಿಸಲಿನಲ್ಲಿ ತಂದೆ-ತಾಯಿಯ ಜೊತೆ ಬೆಳೆಯುತ್ತಾರೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಬಲವಾಗಿರುವ ಈ ಭಾಗದಲ್ಲಿ ತವರು ಮತ್ತು ಗಂಡನ ಮನೆ ಎರಡೂ ಒಂದೇ ಬಳಗದೊಳಗೆ ಇರುವುದುಂಟು. ಅಂಥಲ್ಲಿ ಒಬ್ಬನ ಹೆಸರೆತ್ತಿದರೆ ಎರಡೂ ಮನೆಗಳು ಒಡೆಯುತ್ತವೆ ಎಂಬ ಭಯವೇ ಬಾಯಿಗೆ ಬೀಗ ಹಾಕುತ್ತದೆ. ಬಾಲ್ಯವಿವಾಹದ ಪ್ರಮಾಣವೂ ಈ ಜಿಲ್ಲೆಯಲ್ಲಿ ರಾಜ್ಯದ ಸರಾಸರಿಗಿಂತ ಹೆಚ್ಚು. 1982ರ ಕಾಯ್ದೆಯು ದೇವದಾಸಿ ಪದ್ಧತಿಯನ್ನು ನಿಷೇಧಿಸಿದ್ದರೂ, ಎಳೆಯ ವಯಸ್ಸಿನಲ್ಲಿ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಂಗಸರು ಉತ್ತರ ಕರ್ನಾಟಕದ ಊರುಗಳಲ್ಲಿ ಇಂದಿಗೂ ಇದ್ದಾರೆ. ಅವರು ಅನುಭವಿಸಿದ್ದನ್ನು ಸಂಪ್ರದಾಯವೆಂದು ಕರೆದದ್ದರಿಂದ ಅದು ಮಗುವಿನ ಮೇಲಿನ ದೌರ್ಜನ್ಯವಾಗಿತ್ತು ಎಂಬ ಸತ್ಯ ಬದಲಾಗುವುದಿಲ್ಲ, ಮತ್ತು ಆಸ್ಪತ್ರೆಯ ಚೀಟಿಯಲ್ಲಿ ಗಂಡನ ಹೆಸರಿನ ಜಾಗ ಬಂದಾಗಲೆಲ್ಲ ಅವರಿಗೆ ಅದು ಮತ್ತೆ ನೆನಪಾಗುತ್ತದೆ.

ಹಳೆಯ ಗಾಯವು ಹೆರಿಗೆಯ ಹೊತ್ತಿಗೇ ಏಕೆ ಕೆರಳಬೇಕು ಎಂಬ ಪ್ರಶ್ನೆಗೆ ಉತ್ತರ ಮಿದುಳು ಭಯವನ್ನು ಕಾಪಿಡುವ ರೀತಿಯಲ್ಲಿದೆ. ತೀವ್ರ ಅಪಾಯದಲ್ಲಿ ಮನುಷ್ಯ ಕಾದಾಡುತ್ತಾನೆ ಅಥವಾ ಓಡುತ್ತಾನೆ; ಎರಡೂ ಸಾಧ್ಯವಿಲ್ಲದ ಮಗುವಿನ ಮೈ ಮರಗಟ್ಟುತ್ತದೆ, ಮನಸ್ಸು ತನ್ನ ಮೈಗೆ ಆಗುತ್ತಿರುವುದು ಬೇರೆ ಯಾರಿಗೋ ಆಗುತ್ತಿದೆ ಎಂಬಂತೆ ದೂರ ಸರಿದು ನಿಲ್ಲುತ್ತದೆ. ಹೀಗೆ ಅರಿವು ದೇಹದಿಂದ ಕಳಚಿಕೊಳ್ಳುವುದನ್ನು ಮನೋವೈದ್ಯರು ವಿಘಟನೆ ಎನ್ನುತ್ತಾರೆ. ಅಂದಿನ ಘಟನೆ ಒಂದು ಕಥೆಯಾಗಿ ನೆನಪಿನಲ್ಲಿ ಉಳಿಯದಿದ್ದರೂ, ಒಂದು ವಾಸನೆ, ಒಂದು ಮಾತು, ತೊಡೆಯ ಮೇಲಿನ ಒಂದು ಒತ್ತಡ, ಅಂಗಾತ ಮಲಗಿದ ಒಂದು ಭಂಗಿ ಅದನ್ನು ಮರಳಿ ಎಬ್ಬಿಸಬಲ್ಲದು. ಆಗ ವ್ಯಕ್ತಿ ಅದನ್ನು ನೆನೆಯುವುದಿಲ್ಲ, ಅದು ಈಗಲೇ ನಡೆಯುತ್ತಿದೆಯೆಂದು ಅನುಭವಿಸುತ್ತಾಳೆ. ಹೆರಿಗೆಯಾದರೋ ಇಂಥ ಪ್ರಚೋದನೆಗಳನ್ನೆಲ್ಲ ಒಂದೇ ಮೇಜಿನ ಮೇಲೆ ತಂದು ಸೇರಿಸುತ್ತದೆ: ಅದೇ ಅಂಗದಲ್ಲಿ ನೋವು, ಅರೆಬರೆ ಬಟ್ಟೆ, ಪ್ರಖರ ಬೆಳಕು, ಹೆಸರು ಗೊತ್ತಿಲ್ಲದವರ ಕೈಗಳು, ಮೈ ತನ್ನ ಮಾತು ಕೇಳದಂತಾಗುವ ಸ್ಥಿತಿ. ಅಮೆರಿಕದ ಪೆನ್ನಿ ಸಿಮ್ಕಿನ್ ಮತ್ತು ಫಿಲಿಸ್ ಕ್ಲಾಸ್ 2004ರಲ್ಲಿ ಈ ವಿಷಯವನ್ನೇ ಕುರಿತು ಬರೆದ ಗ್ರಂಥವು, ದಾದಿಯರು ಸದುದ್ದೇಶದಿಂದ ಆಡುವ ಎಷ್ಟೋ ಮಾತುಗಳು ಅಂದು ದೌರ್ಜನ್ಯ ಎಸಗಿದವನು ಆಡಿದ ಮಾತುಗಳೇ ಆಗಿರುತ್ತವೆ ಎಂಬುದರತ್ತ ಗಮನ ಸೆಳೆಯಿತು. ‘ಸುಮ್ನಿರು’, ‘ಮೈ ಸಡಿಲ ಬಿಡು, ಏನೂ ಆಗಂಗಿಲ್ಲ’, ‘ಒದರಬ್ಯಾಡ, ಮಂದಿ ಕೇಳ್ತಾರ’ ಎಂಬ ಮಾತುಗಳು ಯಾವ ಹೆರಿಗೆ ಕೋಣೆಯಲ್ಲಿಯೂ ಕೇಳಿಬರುವಂಥವು. ಅವನ್ನು ಎಂಟನೆಯ ವಯಸ್ಸಿನಲ್ಲಿ ಕತ್ತಲಲ್ಲಿ ಕೇಳಿಸಿಕೊಂಡವಳ ಕಿವಿಗೆ ಅವು ಸಮಾಧಾನವಾಗಿ ತಲುಪುವುದಿಲ್ಲ.

ಭಯವು ಹೆರಿಗೆಯ ಗತಿಯನ್ನೂ ತಡೆಯುತ್ತದೆ. ಗರ್ಭಕೋಶವನ್ನು ಸಂಕುಚಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು ನಿರಾಳವಾದ ಮನಸ್ಥಿತಿಯಲ್ಲಿ ಚೆನ್ನಾಗಿ ಸ್ರವಿಸುತ್ತದೆ. ದಿಗಿಲಿನಲ್ಲಿ ಉಕ್ಕುವ ಅಡ್ರಿನಲಿನ್ ಅದರ ಕೆಲಸಕ್ಕೆ ಅಡ್ಡ ಬರುತ್ತದೆ, ಕಟಿಯ ತಳದ ಸ್ನಾಯುಗಳು ಬಿಗಿಯುತ್ತವೆ. ಅಮೆರಿಕದ ಮಿಷಿಗನ್‌ನಲ್ಲಿ ಜೂಲಿಯಾ ಸೆಂಗ್ ಮತ್ತು ಸಂಗಡಿಗರು ಎಂಟು ನೂರಕ್ಕೂ ಹೆಚ್ಚು ಚೊಚ್ಚಲ ಗರ್ಭಿಣಿಯರನ್ನು ಅನುಸರಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದ ದೌರ್ಜನ್ಯದಿಂದ ಉಂಟಾದ ಆಘಾತೋತ್ತರ ಒತ್ತಡದ ಕಾಯಿಲೆ ಗರ್ಭಾವಸ್ಥೆಯಲ್ಲಿಯೂ ಕಾಡುತ್ತಿದ್ದ ತಾಯಂದಿರ ಶಿಶುಗಳ ತೂಕ ಎಲ್ಲರಿಗಿಂತ ಕಡಿಮೆಯಿತ್ತು. ಆಘಾತೋತ್ತರ ಒತ್ತಡದ ಕಾಯಿಲೆ ಎಂದರೆ, ಅಪಾಯ ಕಳೆದು ವರ್ಷಗಳಾದರೂ ದುಃಸ್ವಪ್ನ, ಬೆಚ್ಚಿಬೀಳುವಿಕೆ ಮತ್ತು ನೆನಪಿನ ದಾಳಿಗಳಿಂದ ಮನಸ್ಸು ಬಿಡುಗಡೆಯಾಗದ ಸ್ಥಿತಿ. ಇದರಲ್ಲಿ ಭರವಸೆಯ ಅಂಶವೂ ಇದೆ: ತೊಂದರೆಯ ಮೂಲ ಹಿಂದೆ ನಡೆದ ಘಟನೆಗಿಂತ ಹೆಚ್ಚಾಗಿ ಇಂದಿಗೂ ಚಿಕಿತ್ಸೆ ಕಾಣದೆ ಉಳಿದ ಕಾಯಿಲೆಯಲ್ಲಿದೆ, ಮತ್ತು ಕಾಯಿಲೆಗೆ ಚಿಕಿತ್ಸೆಯಿದೆ. ದೌರ್ಜನ್ಯವನ್ನು ದಾಟಿ ಬಂದ ಹೆಂಗಸರೆಲ್ಲರೂ ಹೆರಿಗೆಯಲ್ಲಿ ಕುಸಿಯುವುದಿಲ್ಲ. ಗೌರವದಿಂದ ನಡೆಸಿಕೊಂಡ ಹೆರಿಗೆಯೊಂದು ತಮ್ಮ ದೇಹವನ್ನು ತಮಗೇ ಮರಳಿಸಿತೆಂದು ಭಾವಿಸುವವರೂ ಇದ್ದಾರೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇಕಡಾ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ನಡೆಯುತ್ತವೆ. ಸೂಲಗಿತ್ತಿಯ ಕಾಲದಿಂದ ಇಲ್ಲಿಯವರೆಗಿನ ಈ ಬದಲಾವಣೆ ಅಸಂಖ್ಯ ತಾಯಂದಿರ ಜೀವ ಉಳಿಸಿದೆ. ಹಾಗೆಯೇ, ಬಾಲ್ಯದಲ್ಲಿ ನೊಂದ ಹೆಣ್ಣುಮಕ್ಕಳಲ್ಲಿ ಬಹುತೇಕ ಎಲ್ಲರೂ ಒಂದಲ್ಲ ಒಂದು ದಿನ ಯಾವುದಾದರೊಂದು ಆಸ್ಪತ್ರೆಯ ಹೆರಿಗೆ ಮೇಜಿನ ಮೇಲೆ ಮಲಗುತ್ತಾರೆ ಎಂಬುದೂ ಇದರ ಅರ್ಥ. ಅಲ್ಲಿ ಅವರನ್ನು ಗುರುತಿಸುವುದು ಸುಲಭವಲ್ಲ. ಒಳ ತಪಾಸಣೆಗೆ ತೊಡೆ ಬಿಗಿಯುವವಳನ್ನು ಹಟಮಾರಿ ಎನ್ನಲಾಗುತ್ತದೆ. ಮೂರು ತಿಂಗಳು ತಪಾಸಣೆಗೆ ಬಾರದವಳನ್ನು ಬೇಜವಾಬ್ದಾರಿ ಎನ್ನಲಾಗುತ್ತದೆ. ಕಣ್ಣು ಮೇಲ್ಛಾವಣಿಗೆ ನೆಟ್ಟು, ಸೂಜಿ ಚುಚ್ಚಿದರೂ ಚೀರದವಳನ್ನು ‘ಭಾಳ ಶಾಣ್ಯಾಕಿ, ಒಂದು ಮಾತೂ ಆಡಲಿಲ್ಲ’ ಎಂದು ಹೊಗಳಲಾಗುತ್ತದೆ. ಕೊನೆಯವಳೇ ಎಲ್ಲರಿಗಿಂತ ಹೆಚ್ಚು ಸಂಕಟದಲ್ಲಿರಬಹುದು ಎಂಬುದನ್ನು ದಾದಿಯರ ತರಬೇತಿಯಲ್ಲಿ ಮೊದಲು ಕಲಿಸಬೇಕು, ಏಕೆಂದರೆ ವಿಘಟನೆಗೆ ಒಳಗಾದ ಹೆಂಗಸು ಹೊರಗಿನವರಿಗೆ ಶಾಂತವಾಗಿಯೇ ಕಾಣುತ್ತಾಳೆ.

ಆದ್ದರಿಂದ ಯಾರು ನೊಂದವರೆಂದು ಪತ್ತೆ ಹಚ್ಚಿ ಅವರನ್ನು ಮಾತ್ರ ಬೇರೆ ರೀತಿ ನೋಡಿಕೊಳ್ಳುವ ಯೋಚನೆ ಕೈಗೂಡುವಂಥದ್ದಲ್ಲ. ಎಚ್‌ಐವಿ ಸೋಂಕು ಯಾರಿಗಿದೆಯೆಂದು ನೋಡಿ ತಿಳಿಯಲಾಗದ ಕಾರಣಕ್ಕೆ ಪ್ರತಿ ಹೆರಿಗೆಗೂ ಕೈಗವಸು ತೊಡುವ ನಿಯಮ ಬಂದಂತೆ, ಹಳೆಯ ಆಘಾತ ಯಾರೊಳಗಿದೆಯೆಂದು ತಿಳಿಯಲಾಗದ ಕಾರಣಕ್ಕೆ ಪ್ರತಿಯೊಬ್ಬ ಹೆಂಗಸನ್ನೂ ಅನುಮತಿ ಕೇಳಿಯೇ ಮುಟ್ಟಬೇಕು. ಆಘಾತವನ್ನು ಅರಿತ ಆರೈಕೆ ಎಂದು ಆರೋಗ್ಯ ಶಾಸ್ತ್ರದಲ್ಲಿ ಹೆಸರಾಗಿರುವ ಕ್ರಮದ ತಿರುಳು ಇದೇ. ಅದಕ್ಕೆ ಹೊಸ ಕಟ್ಟಡವಾಗಲಿ ಯಂತ್ರವಾಗಲಿ ಬೇಕಿಲ್ಲ. ತಪಾಸಣೆಗೆ ಮುನ್ನ ಏಕೆ, ಏನು, ಎಷ್ಟು ಹೊತ್ತು ಎಂದು ಹೇಳುವುದು, ಪರದೆ ಎಳೆಯುವುದು, ಹೊಟ್ಟೆಯಿಂದ ಮೊಣಕಾಲಿನವರೆಗೆ ಬಟ್ಟೆ ಹೊದಿಸುವುದು, ಕೈ ಎತ್ತಿದರೆ ನಿಲ್ಲಿಸುತ್ತೇವೆಂದು ಮಾತು ಕೊಡುವುದು ಮತ್ತು ಅವಳು ಕೈ ಎತ್ತಿದಾಗ ನಿಜವಾಗಿಯೂ ನಿಲ್ಲಿಸುವುದು. ‘ಈಗ ನನ್ನ ಕೈ ನಿನ್ನ ತೊಡಿಗೆ ತಾಗ್ತದವ್ವ, ತ್ರಾಸ ಆದ್ರ ಹೇಳು, ನಿಲ್ಲಸ್ತೀನಿ’ ಎಂಬ ಒಂದು ವಾಕ್ಯಕ್ಕೆ ಕೆಲವೇ ಕ್ಷಣಗಳು ಸಾಕು. ಸಹಜವಾಗಿ ಸಾಗುತ್ತಿರುವ ಹೆರಿಗೆಯ ಸಕ್ರಿಯ ಹಂತದಲ್ಲಿ ನಾಲ್ಕು ಗಂಟೆಗಳ ಅಂತರದಲ್ಲಿ ಒಳ ತಪಾಸಣೆ ಮಾಡಿದರೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಶಿಫಾರಸುಗಳಲ್ಲಿ ತಿಳಿಸಿದೆ. ಯೋನಿದ್ವಾರವನ್ನು ಕೊಯ್ದು ಅಗಲಿಸುವ ಕ್ರಮವನ್ನು ಎಲ್ಲರಿಗೂ ವಾಡಿಕೆಯಂತೆ ಮಾಡುವುದು ಬೇಡವೆಂದೂ ಹೇಳಿದೆ. ಪಾಳಿ ಬದಲಾದಂತೆಲ್ಲ ಬಂದವರೆಲ್ಲ ಒಮ್ಮೊಮ್ಮೆ ಪರೀಕ್ಷಿಸಿ ಹೋಗುವ ಅಭ್ಯಾಸ ಇದಕ್ಕೆ ವಿರುದ್ಧವಾದುದು, ಮತ್ತು ಅದು ಯಾವ ಹೆಂಗಸಿಗೂ ಒಳ್ಳೆಯದಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಸೂತಿ ತಜ್ಞರು ಒಬ್ಬರೇ ಇದ್ದು, ಅವರು ಪುರುಷರಾಗಿದ್ದರೆ, ಮಹಿಳಾ ವೈದ್ಯೆ ಬೇಕೆಂಬ ಕೋರಿಕೆಯನ್ನು ಈಡೇರಿಸಲಾಗದೆ ಹೋಗಬಹುದು. ಆಗ ಗರ್ಭಿಣಿಗೆ ಮೊದಲೇ ಪರಿಚಯವಾದ ದಾದಿಯೊಬ್ಬರು ತಲೆಯ ಕಡೆ ನಿಂತು, ಅವಳ ಮುಖ ನೋಡುತ್ತ, ಏನು ನಡೆಯುತ್ತಿದೆಯೆಂದು ಹೇಳುತ್ತಿರುವುದು ದೊಡ್ಡ ಆಸರೆ. ನೆನಪಿನ ದಾಳಿ ಆರಂಭವಾಗಿ ಅವಳು ತಳ್ಳಾಡತೊಡಗಿದರೆ ಕೈಕಾಲು ಅದುಮಿ ಹಿಡಿಯುವುದರಿಂದ ಭಯ ಇಮ್ಮಡಿಯಾಗುತ್ತದೆ; ಕೈ ತೆಗೆದು, ಹೆಸರು ಹಿಡಿದು ಕರೆದು, ‘ಕಣ್ಣು ತೆಗಿ, ನನ್ನ ನೋಡು, ನೀ ಈಗ ದವಾಖಾನ್ಯಾಗ ಇದ್ದಿ, ಇದು ಕೂಸಿನ ನೋವು’ ಎಂದು ಇಂದಿನ ದಿನಕ್ಕೆ, ಇಂದಿನ ಜಾಗಕ್ಕೆ ಅವಳನ್ನು ಮರಳಿ ಕರೆತರಬೇಕು. ಅಂಗಾತ ಮಲಗಲಾರದವಳಿಗೆ ಮಗ್ಗುಲಾಗಿ ಅಥವಾ ಕುಳಿತು ಹೆರುವ ಅವಕಾಶ ಕೊಡಬೇಕು. ವೈದ್ಯಕೀಯವಾಗಿ ಅದಕ್ಕೆ ಸಾಮಾನ್ಯವಾಗಿ ಯಾವ ಅಡ್ಡಿಯೂ ಇರುವುದಿಲ್ಲ.

ಜೊತೆಗಾರರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕೇಂದ್ರ ಆರೋಗ್ಯ ಸಚಿವಾಲಯದ 2016ರ ಮಾರ್ಗಸೂಚಿಯು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತು ಒಬ್ಬ ಸಂಗಾತಿಗೆ ಅವಕಾಶ ಕೊಟ್ಟಿದೆ, ಮತ್ತು ಆಕೆ ಹೆತ್ತ ಅನುಭವವಿರುವ ಹೆಣ್ಣು ನೆಂಟಳಾಗಿದ್ದರೆ ಒಳ್ಳೆಯದೆಂದಿದೆ. ರೂಢಿಯಲ್ಲಿ ಆಕೆ ತಾಯಿಯೋ ಅತ್ತೆಯೋ ಆಗಿರುತ್ತಾಳೆ, ಮತ್ತು ಅದನ್ನು ಗರ್ಭಿಣಿಯ ಬದಲು ಮನೆಯವರು ನಿರ್ಧರಿಸುತ್ತಾರೆ. ಮಗಳು ಬಾಲ್ಯದಲ್ಲಿ ಹೇಳಿಕೊಂಡಾಗ ‘ಈ ಮಾತು ಹೊರಗ ಹೋಗಬಾರದು’ ಎಂದು ಬಾಯಿ ಮುಚ್ಚಿಸಿದ ತಾಯಿಯೇ ಹೆರಿಗೆ ಮೇಜಿನ ಪಕ್ಕ ನಿಂತರೆ ಆ ಮಗಳಿಗೆ ಧೈರ್ಯ ಬರುವುದು ಕಷ್ಟ. ಕೆಲವರಿಗೆ ತಮ್ಮ ಕಥೆ ತಿಳಿದಿರುವ ಒಬ್ಬನೇ ಮನುಷ್ಯ ಗಂಡ. ಅವನು ಹೊರಗಿನ ಬೇವಿನ ಮರದ ಕೆಳಗೆ ಕಾಯುತ್ತಿರುತ್ತಾನೆ. ‘ಒಳಗ ನಿನ್ನ ಜೋಡಿ ಯಾರು ಇರಬೇಕು?’ ಎಂದು ತಿಂಗಳ ತಪಾಸಣೆಯಲ್ಲಿ ಒಬ್ಬಳನ್ನೇ ಕೂರಿಸಿ ಕೇಳುವುದು, ಅವಳು ಹೇಳಿದ ಹೆಸರನ್ನು ಬರೆದಿಡುವುದು, ಮನೆಯವರು ಬೇರೆ ಹೇಳಿದರೂ ಅದಕ್ಕೆ ಅಂಟಿಕೊಳ್ಳುವುದು ಆಸ್ಪತ್ರೆಯ ಕೈಯಲ್ಲೇ ಇರುವ ಕೆಲಸ. ಹಾಗೆಯೇ ‘ಬಾಣಂತನ ಎಲ್ಲಿ ಮಾಡಿಸ್ಕೋಬೇಕಂತಿ?’ ಎಂಬ ಪ್ರಶ್ನೆಯನ್ನೂ ಕೇಳಬೇಕು. ತವರು ಬೇಡವೆನ್ನುವ ಮಗಳಿಗೆ ವೈದ್ಯರು ಒಂದು ಗೌರವಯುತ ನೆಪವನ್ನು ಒದಗಿಸಬಲ್ಲರು: ರಕ್ತಹೀನತೆಯೋ ರಕ್ತದೊತ್ತಡವೋ ನಿಜವಾಗಿಯೂ ಇದ್ದರೆ, ಮೊದಲಿನಿಂದ ನೋಡಿಕೊಂಡ ಆಸ್ಪತ್ರೆಯಲ್ಲೇ ಹೆರಿಗೆಯಾಗುವುದು ಲೇಸೆಂಬ ಸಲಹೆ ಸುಳ್ಳಾಗುವುದಿಲ್ಲ, ಹಿರಿಯರೂ ಅದನ್ನು ಮೀರುವುದಿಲ್ಲ.

ನೇರವಾಗಿ ಹಿಂದಿನದನ್ನು ಕೇಳಬೇಕೇ ಎಂಬ ಬಗ್ಗೆ ವೈದ್ಯರಲ್ಲಿ ಭಿನ್ನಾಭಿಪ್ರಾಯವಿದೆ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೆಯ ತಾರೀಖು ನಡೆಯುವ ತಪಾಸಣೆಯ ಜನಜಂಗುಳಿಯಲ್ಲಿ, ಅತ್ತೆ ಪಕ್ಕದಲ್ಲೇ ನಿಂತಿರುವಾಗ ಕೇಳುವುದಕ್ಕಿಂತ ಕೇಳದಿರುವುದೇ ಮೇಲು. ಏಕಾಂತ ದೊರೆತಾಗ ಕೇಳುವುದಾದರೂ ವಿವರಕ್ಕೆ ಇಳಿಯಬೇಕಿಲ್ಲ. ಮೈ ಮುಟ್ಟಿಸಿಕೊಳ್ಳಲು ಹೆದರಿಕೆ ಆಗುವಂಥದ್ದು ಹಿಂದೆ ಏನಾದರೂ ನಡೆದಿದ್ದರೆ ತಪಾಸಣೆಯಲ್ಲಿ ತಾವು ಹೇಗೆ ನಡೆದುಕೊಳ್ಳಬೇಕೆಂದು ಕೇಳಿದರೆ ಸಾಕು. ಅವಳು ಹೇಳಿಕೊಂಡರೆ ನಂಬಬೇಕು, ತಪ್ಪು ಅವಳದಲ್ಲವೆಂದು ಸ್ಪಷ್ಟವಾಗಿ ಹೇಳಬೇಕು, ಮತ್ತು ಅದನ್ನು ತಾಯಿ ಕಾರ್ಡಿನಲ್ಲಿ ಬರೆಯಬಾರದು. ಗಂಡ, ಅತ್ತೆ, ಅಂಗನವಾಡಿ ಕಾರ್ಯಕರ್ತೆ, ತವರಿನ ಅಣ್ಣ-ತಮ್ಮಂದಿರು ಎಲ್ಲರ ಕೈಗೂ ಹೋಗುವ ಆ ಕಾರ್ಡು ಯಾವ ಗುಟ್ಟನ್ನೂ ಕಾಯಲಾರದು. ‘ಮುಟ್ಟುವ ಮುನ್ನ ತಿಳಿಸಿ, ದಾದಿ ಜೊತೆಗಿರಲಿ’ ಎಂಬಷ್ಟು ಬರೆದರೆ ಕಾರಣ ತಿಳಿಯದೆಯೇ ಮುಂದಿನ ಪಾಳಿಯವರು ಅದನ್ನು ಪಾಲಿಸಬಹುದು. ಹೆರಿಗೆಯಾದ ಕೂಡಲೇ ಅಳವಡಿಸುವ ಕಾಪರ್-ಟಿಗೂ ಇದೇ ಮಾತು ಅನ್ವಯಿಸುತ್ತದೆ. ನೋವಿನ ನಡುವೆ ಪಡೆದ ತಲೆಯಾಡಿಕೆ ಒಪ್ಪಿಗೆಯಲ್ಲ, ಅದನ್ನು ಗರ್ಭಿಣಿಯಿದ್ದಾಗಲೇ ಮಾತನಾಡಿ ತೀರ್ಮಾನಿಸಿರಬೇಕು.

ಗರ್ಭಿಣಿ ಇನ್ನೂ ಹದಿನೆಂಟು ದಾಟದ ಹುಡುಗಿಯಾಗಿದ್ದರೆ ಚಿತ್ರ ಬೇರೆಯಾಗುತ್ತದೆ. 2017ರ ಅಕ್ಟೋಬರ್ 11ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಹದಿನೆಂಟರೊಳಗಿನ ಹೆಂಡತಿಯೊಂದಿಗಿನ ಲೈಂಗಿಕ ಸಂಪರ್ಕವೂ ಅತ್ಯಾಚಾರವೇ. ಕರ್ನಾಟಕವು ತನ್ನ 2016ರ ತಿದ್ದುಪಡಿಯ ಮೂಲಕ ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುಗೊಳಿಸಿದೆ. ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಇಂಥ ಸಂಗತಿ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ಮಗುವನ್ನು ಕಾಯಲು ಬಂದ ಈ ನಿಯಮ, ಬಾಲ್ಯವಿವಾಹ ಹೆಚ್ಚಿರುವ ಊರುಗಳಲ್ಲಿ ಹುಡುಗಿಯನ್ನು ಆಸ್ಪತ್ರೆಯಿಂದಲೇ ದೂರ ಇಡುವ ಅಪಾಯವನ್ನೂ ತಂದಿದೆ: ಗಂಡನನ್ನು ಬಂಧಿಸುತ್ತಾರೆಂಬ ಹೆದರಿಕೆಯಿಂದ ವಯಸ್ಸು ಮುಚ್ಚಿಡುವ, ತಿಂಗಳುಗಟ್ಟಲೆ ತಪಾಸಣೆ ತಪ್ಪಿಸುವ ಕುಟುಂಬಗಳಲ್ಲಿ ರಕ್ತಹೀನತೆ, ನಂಜಿನಂಥ ತೊಂದರೆಗಳು ಎಳೆಯ ದೇಹವನ್ನು ಹಣ್ಣು ಮಾಡುತ್ತವೆ. ಇದಕ್ಕೆ ಪೂರ್ಣ ಪರಿಹಾರ ಆಸ್ಪತ್ರೆಯ ಬಳಿ ಇಲ್ಲ. ಆದರೆ ಮಾಹಿತಿ ಕೊಡುವ ಕರ್ತವ್ಯ ಒಂದು, ಚಿಕಿತ್ಸೆ ಕೊಡುವ ಕರ್ತವ್ಯ ಇನ್ನೊಂದು. ಠಾಣೆಯ ಪತ್ರ ತಂದರೆ ಮಾತ್ರ ನೋಡುತ್ತೇವೆನ್ನಲು ವೈದ್ಯರಿಗೆ ಅಧಿಕಾರವಿಲ್ಲವೆಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ, ಮತ್ತು ಸರ್ಕಾರಿ-ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಆಸ್ಪತ್ರೆಗಳೂ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಉಚಿತ ಚಿಕಿತ್ಸೆ ಕೊಡಬೇಕೆಂಬುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಆಜ್ಞೆ. ಅತ್ಯಾಚಾರಕ್ಕೆ ಒಳಗಾದವರ ಮೇಲೆ ನಡೆಸುತ್ತ ಬಂದ ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2013ರಲ್ಲಿಯೂ, ಮತ್ತೆ 2022ರಲ್ಲಿಯೂ ಖಂಡಿಸಿದೆ. ಗರ್ಭ ಮುಂದುವರಿಸಲು ಇಚ್ಛಿಸದ ಅಪ್ರಾಪ್ತೆಗೆ 24 ವಾರಗಳವರೆಗೆ ಗರ್ಭಪಾತದ ಅವಕಾಶವಿದ್ದು, ಅವಳೂ ಅವಳ ಪಾಲಕರೂ ಕೋರಿದಲ್ಲಿ ಪೊಲೀಸರಿಗೆ ಕೊಡುವ ವರದಿಯಲ್ಲಿ ಗುರುತು ಬಹಿರಂಗಪಡಿಸಬೇಕಿಲ್ಲವೆಂದು ಅದೇ ನ್ಯಾಯಾಲಯ 2022ರ ಸೆಪ್ಟೆಂಬರ್ 29ರಂದು ಹೇಳಿತು. ಈ ಎಲ್ಲದರ ನಡುವೆ ವೈದ್ಯರು ಮರೆಯಬಾರದ ಒಂದು ನಡೆಯಿದೆ: ತಾವು ಯಾವುದನ್ನು ಗುಟ್ಟಾಗಿಡಬಲ್ಲೆವು, ಯಾವುದನ್ನು ಇಡಲಾರೆವು ಎಂಬುದನ್ನು ಹುಡುಗಿ ಬಾಯಿ ಬಿಡುವ ಮೊದಲೇ ಹೇಳಿಬಿಡಬೇಕು. ನಂಬಿ ಹೇಳಿದ ಮಾತು ಮರುದಿನ ಠಾಣೆಯಿಂದ ತಿರುಗಿ ಬಂದರೆ ಅವಳು ಇನ್ನೊಮ್ಮೆ ಯಾರನ್ನೂ ನಂಬುವುದಿಲ್ಲ.

ವಯಸ್ಸಿಗೆ ಬಂದ ಮೇಲೆ ಬಾಲ್ಯದ ಘಟನೆಯ ಬಗ್ಗೆ ದೂರು ಕೊಡಲು ಪೋಕ್ಸೊ ಕಾಯ್ದೆಯಲ್ಲಿ ಕಾಲಮಿತಿ ಇಲ್ಲವೆಂದು ಕೇಂದ್ರ ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿತು. ದೂರು ಕೊಡುವುದು ಅಗತ್ಯವೆನಿಸಿದವರಿಗೆ, ಅದರಲ್ಲೂ ಆ ವ್ಯಕ್ತಿಯ ಸುತ್ತ ಇಂದಿಗೂ ಬೇರೆ ಮಕ್ಕಳಿದ್ದಾರೆಂದು ಕಳವಳಪಡುವವರಿಗೆ, ತಾಲ್ಲೂಕು ನ್ಯಾಯಾಲಯಗಳಲ್ಲಿರುವ ಕಾನೂನು ಸೇವಾ ಸಮಿತಿಗಳು ಆದಾಯದ ಮಿತಿಯಿಲ್ಲದೆ ಎಲ್ಲ ಮಹಿಳೆಯರಿಗೂ ಉಚಿತ ನೆರವು ನೀಡುತ್ತವೆ; ಸದ್ಯ ಅಪಾಯದಲ್ಲಿರುವ ಮಗುವಿಗಾಗಿ 1098ಕ್ಕೆ ಕರೆ ಮಾಡಬಹುದು.

ಬಾಣಂತನದ ದಿನಗಳು ಹೆರಿಗೆಯಷ್ಟೇ ಕಠಿಣವಾಗಬಹುದೆಂಬುದನ್ನು ಮನೆಯವರು ತಿಳಿಯುವುದು ಅವಶ್ಯ. ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುವ ಹಿರಿಯ ಹೆಂಗಸಿನ ಕೈ ಬಹುಪಾಲು ಬಾಣಂತಿಯರಿಗೆ ಸುಖ, ಕೆಲವರಿಗೆ ಹಿಂಸೆ. ‘ನಾನೇ ಹಚ್ಕೋತೀನಿ’ ಎಂದವಳನ್ನು ಒತ್ತಾಯಿಸಬಾರದು. ಮೊಲೆಯುಣಿಸುವಾಗಿನ ಸ್ಪರ್ಶವು ಕೆಲವು ತಾಯಂದಿರಲ್ಲಿ ಕಾರಣ ತಿಳಿಯದ ಅಸಹ್ಯವನ್ನೂ, ಅದರ ಬೆನ್ನಿಗೇ ತೀವ್ರ ಅಪರಾಧಿ ಭಾವವನ್ನೂ ಹುಟ್ಟಿಸುತ್ತದೆ. ಅಂಥವರಿಗೆ ಹಾಲು ಹಿಂಡಿ ಬಟ್ಟಲಿನಲ್ಲಿ ಕುಡಿಸುವುದು, ಹಗಲಿನಲ್ಲಷ್ಟೇ ಮೊಲೆಯುಣಿಸಿ ರಾತ್ರಿ ಹಿಂಡಿದ ಹಾಲು ಕೊಡುವುದು ಮುಂತಾದ ನಡುದಾರಿಗಳಿವೆ. ಹುಟ್ಟಿದ್ದು ಹೆಣ್ಣು ಕೂಸಾದರೆ ಅದನ್ನು ಯಾರ ಕೈಗೂ ಕೊಡಲೊಲ್ಲದ ತಾಯಿಯನ್ನು ಹುಚ್ಚಿಯೆಂದು ಜರೆಯುವ ಬದಲು, ಅವಳ ಆತಂಕದ ಬೇರು ಎಲ್ಲಿದೆಯೆಂದು ಯೋಚಿಸುವುದು ಒಳಿತು. ಹೆರಿಗೆಯ ನಂತರ ಎರಡು ವಾರ ದಾಟಿಯೂ ಅಳು, ನಿದ್ರಾಹೀನತೆ, ಸಾಯುವ ಯೋಚನೆ ಬಿಡದಿದ್ದರೆ ಅದು ಚಿಕಿತ್ಸೆ ಬೇಡುವ ಖಿನ್ನತೆ. ಎಡಿನ್‌ಬರೋದ ವೈದ್ಯರು 1987ರಲ್ಲಿ ರೂಪಿಸಿದ, ಹತ್ತು ಪ್ರಶ್ನೆಗಳ ಖಿನ್ನತೆಯ ಅಳತೆಪಟ್ಟಿ ಕನ್ನಡದಲ್ಲಿಯೂ ಲಭ್ಯವಿದ್ದು, ಓದಲು ಬಾರದ ತಾಯಿಗೆ ದಾದಿಯೇ ಅದನ್ನು ಓದಿ ಹೇಳಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮವು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯರ ಭೇಟಿಗೆಂದೇ ರೂಪುಗೊಂಡದ್ದು. ಟೆಲಿ-ಮಾನಸ್ ಸಹಾಯವಾಣಿ 14416 ಕನ್ನಡದಲ್ಲಿ ಹಗಲು-ರಾತ್ರಿ ಉತ್ತರಿಸುತ್ತದೆ. ತೀವ್ರ ತೊಂದರೆಯಿರುವ ತಾಯಿಯನ್ನು ಕೂಸಿನಿಂದ ಅಗಲಿಸದೆ ನೋಡಿಕೊಳ್ಳುವ ತಾಯಿ-ಮಗು ವಿಭಾಗವನ್ನು ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ಆರಂಭಿಸಿದೆ. ಮುದ್ದೇಬಿಹಾಳದ ಹಳ್ಳಿಯೊಂದರಿಂದ ಬೆಂಗಳೂರು ಬಲು ದೂರ. ಮಂಗಳವಾರದ ಕೋಣೆ ತೆರೆದಿರುವುದೇ ಈ ತಾಲ್ಲೂಕುಗಳ ತಾಯಂದಿರಿಗೆ ಹೆಚ್ಚು ಮುಖ್ಯ.

ಇವೆಲ್ಲಕ್ಕೂ ಬಾಣಂತಿಯನ್ನು ತಲುಪಿಸಬಲ್ಲವಳು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಕೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆರು ಬಾರಿ ಹೋಗಬೇಕೆಂಬ ನಿಯಮವಿದೆ. ಆ ಭೇಟಿಗಳಲ್ಲಿ ಕೂಸಿನ ತೂಕ, ಜ್ವರ, ಹೊಕ್ಕುಳುಗಳ ಜೊತೆಗೆ ತಾಯಿಯ ನಿದ್ದೆಯನ್ನೂ ವಿಚಾರಿಸಲು ಹೆಚ್ಚಿನ ಹೊತ್ತು ಬೇಕಿಲ್ಲ. ಆದರೆ ತವರಿನ ಪದ್ಧತಿಯಿಂದಾಗಿ ಇಲ್ಲಿಯೇ ಕೊಂಡಿ ಕಳಚುತ್ತದೆ: ಗರ್ಭಿಣಿಯಿದ್ದಾಗ ಆರೇಳು ತಿಂಗಳು ನೋಡಿಕೊಂಡು ನಂಬಿಕೆ ಗಳಿಸಿದವಳು ಗಂಡನ ಊರಿನ ಆಶಾ, ಹೆರಿಗೆಯ ನಂತರ ಬಾಗಿಲಿಗೆ ಬರುವವಳು ತವರೂರಿನ ಆಶಾ, ಮತ್ತು ಈ ಎರಡನೆಯವಳು ಎಷ್ಟೋ ಸಲ ಆ ಮನೆಯ ಓಣಿಯವಳೇ, ಬಳಗದವಳೇ ಆಗಿರುತ್ತಾಳೆ. ತವರಿಗೆ ಹೊರಡುವ ಮುನ್ನ ಗಂಡನ ಊರಿನ ಆಶಾ ತನ್ನ ಫೋನ್ ನಂಬರನ್ನು ಅವಳಿಗೆ ಕೊಟ್ಟು, ಬಾಣಂತನದಲ್ಲೂ ವಾರಕ್ಕೊಮ್ಮೆ ಮಾತನಾಡುವುದು, ತವರಿನ ಆಶಾಗೆ ಏನನ್ನು ತಿಳಿಸಬೇಕು, ಏನನ್ನು ಬೇಡ ಎಂಬುದನ್ನು ಆ ಹೆಣ್ಣುಮಗಳನ್ನೇ ಕೇಳಿ ನಿರ್ಧರಿಸುವುದು, ಮತ್ತು ಈ ಕರೆಗಳನ್ನು ಆಶಾಳ ಗೌರವಧನದ ಲೆಕ್ಕಕ್ಕೆ ಸೇರಿಸುವುದು ಜಿಲ್ಲಾ ಆರೋಗ್ಯ ಇಲಾಖೆಯ ಮಟ್ಟದಲ್ಲಿ ಮುಂದಿನ ಹೆರಿಗೆಗಳಿಗೆ ಮುನ್ನವೇ ಮಾಡಬಹುದಾದ ಏರ್ಪಾಟು.